ಬಿಗಿ ಮಾಡಲು ಕ್ಲಾಂಪನ್ನೇ ತೇಯ್ದೆ

ಗಾಡಿಯ ಸೈಡ್ ಕನ್ನಡಿ ಗಾಳಿಗೆ ತಿರುಗುತ್ತದೆ, ಅರ ತಂದು ಅದರ ಪೈಪ್ ಹಿಡಿಯುವ ಕ್ಲಾಂಪ್ ತೇಯುತ್ತೇನೆ ಅಂದಾಗ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕಿದ್ದರು. "ಲೂಸ್ ಆಗಿರೋದನ್ನ ಇನ್ನೂ ತೇಯ್ತೀರಾ ಯಜಮಾನ್ರೆ?" ಅಂತ. ಮೂರು ತಿಂಗಳಾಯಿತು. ನಾಲ್ಕು ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಎರಡೂ ಕನ್ನಡಿ ಇಟ್ಟಲ್ಲೇ ಇವೆ.

ನನ್ನದು 2004ರ ಟೆಂಪೋ ಟ್ರಾವೆಲರ್. ಬಜಾಜ್ ಟೆಂಪೋ ಕಂಪನಿ ಫೋರ್ಸ್ ಮೋಟರ್ಸ್ ಆಗುವುದಕ್ಕೆ ಒಂದು ವರ್ಷ ಮೊದಲಿನದು. ಹಿಂದಿನ ಸೀಟು ಕಿತ್ತು ಮಂಚ, ಒಲೆ, ನೀರಿನ ಡ್ರಮ್ ಹಾಕಿಸಿದ್ದೇನೆ. ಶಾಂತಿಸಾಗರ, ಮಾರಿಕಣಿವೆ ಅಂತ ಮನೆಮಂದಿಯೆಲ್ಲ ಸುತ್ತುತ್ತೇವೆ. ಕನ್ನಡಿ ಮಾತ್ರ ಕಂಪನಿಯದಲ್ಲ. ಹಿಂದಿನ ಮಾಲೀಕರು ಹಾಕಿಸಿದ ಉದ್ದ ಪೈಪಿನದು.

ದಾವಣಗೆರೆಯಿಂದ ದುರ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆಷಾಢದಲ್ಲಿ ಸ್ಪೀಡು 70 ದಾಟಿದರೆ ಎಡಗಡೆ ಕನ್ನಡಿ ಮೆಲ್ಲಗೆ ಒಳಕ್ಕೆ ತಿರುಗಿ ನನ್ನ ಹೆಂಡತಿಯ ಮುಖ ತೋರಿಸುತ್ತಿತ್ತು. ಹಿಂದೆ ಲಾರಿ ಇದೆಯಾ ಅಂತ ಅವಳನ್ನೇ ಕೇಳಬೇಕಿತ್ತು.

ಮೊದಲು ಸೈಕಲ್ ಟ್ಯೂಬ್ ಸುತ್ತಿದೆ. ಎಲ್ಲರೂ ಮಾಡುವುದೇ ಅದು. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಬಿಸಿಲಿಗೆ ರಬ್ಬರ್ ಮೆತ್ತಗಾಗಿ ಮತ್ತೆ ಸಡಿಲ. ಎಂ-ಸೀಲ್ ಮೆತ್ತಿದೆ. ಕನ್ನಡಿ ಆಕಾಶ ನೋಡುತ್ತಾ ಗಟ್ಟಿಯಾಯಿತು, ಸುತ್ತಿಗೆಯಿಂದ ಒಡೆದು ತೆಗೆದೆ. 1,400 ಕೊಟ್ಟು ಹೊಸ ಜೋಡಿ ತಂದೆ. ಅದರ ಕ್ಲಾಂಪ್ ಇನ್ನೂ ಮೆತ್ತಗೆ, ಎರಡು ಹಂಪ್ ತಡೆಯಲಿಲ್ಲ.

ಕೊನೆಗೆ 300 ಕೊಟ್ಟು ವೆಲ್ಡಿಂಗ್. ಇದೇ ದೊಡ್ಡ ತಪ್ಪು. ಮಂಡಿಪೇಟೆಯಲ್ಲಿ ಒಂದು ಆಟೋ ತಾಗಿತು. ಸಾಮಾನ್ಯವಾಗಿ ಕನ್ನಡಿ ಮಡಚಿಕೊಳ್ಳುತ್ತದೆ, ಬೈದುಕೊಂಡು ಹೋಗುತ್ತೇವೆ. ನನ್ನದು ಮಡಚಲಿಲ್ಲ, ಬಾಗಿಲಿನ ತಗಡನ್ನೇ ಕಿತ್ತುಕೊಂಡು ಬಂತು. ಟಿಂಕರಿಂಗ್, ಪೇಂಟಿಂಗ್ ಸೇರಿ 1,800 ಹೋಯಿತು. ಆಟೋದವನ ಟಾಪ್ ಹರಿದದ್ದಕ್ಕೆ ಕೊಟ್ಟದ್ದು ಬೇರೆ.

ವೆಲ್ಡಿಂಗ್ ಕತ್ತರಿಸಿ, ಹಳೆಯ ಕ್ಲಾಂಪನ್ನೇ ಮತ್ತೆ ಹಾಕಿ, ರಾತ್ರಿ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ಪೈಪ್ ಸವೆದಿತ್ತು. ನಟ್ ತಿರುವಿದಷ್ಟೂ ಕ್ಲಾಂಪಿನ ಎರಡು ತುಟಿ ಒಂದನ್ನೊಂದು ಕಚ್ಚಿಕೊಳ್ಳುತ್ತಿದ್ದವು, ಪೈಪನ್ನಲ್ಲ! ಇಷ್ಟು ವರ್ಷ ನಾವೆಲ್ಲ ಸುಮ್ನೆ ನಟ್‌ಗೆ ಹೊಡೆದಾಡಿದ್ದೇವೆ. ತುಟಿಗಳ ನಡುವೆ ಸಂದು ಬಿದ್ದು ಪೈಪನ್ನು ಹಿಡಿಯಲಿ ಅಂತ ಎರಡೂ ಸೇರಿ ಬೆಂಕಿಕಡ್ಡಿ ದಪ್ಪದಷ್ಟು ತೇಯ್ದೆ. ಪೈಪಿಗೆ ಕೂಲ್‌ಡ್ರಿಂಕ್ ಡಬ್ಬಿಯ ತಗಡು ಒಂದೇ ಸುತ್ತು. ಅದರ ಒಳಮೈಗೆ ಒಂದು ವಸ್ತು ಸವರಿದ್ದೇನೆ. ಅದು ನನ್ನ ಹತ್ತಿರವೇ ಇರಲಿ. ಹಳೆಯ ನಟ್ ಎಸೆದು ನೈಲಾಕ್ ಹಾಕಿದೆ, ಅಂದರೆ ಒಳಗೆ ನೈಲಾನ್ ಉಂಗುರ ಇರುವ, ಸುಲಭಕ್ಕೆ ಸಡಿಲಾಗದ ನಟ್. ಅಂಗೈಯಿಂದ ಜೋರಾಗಿ ನೂಕಿದರೆ ಮಡಚಬೇಕು, ಬೆರಳಲ್ಲಿ ನೂಕಿದರೆ ಅಲ್ಲಾಡಬಾರದು. ಅಷ್ಟೇ ಟೈಟು. ಬಾಗಿಲಿನ ಒಳಗಡೆ ಬ್ರಾಕೆಟ್ ಹಿಂದೆ 2 ಮಿಲಿಮೀಟರಿನ ಕಬ್ಬಿಣದ ಪ್ಲೇಟ್ ಕೊಡಿ. ಇಲ್ಲದಿದ್ದರೆ ಕ್ಲಾಂಪ್ ಗಟ್ಟಿ, ಬಾಗಿಲು ಲಟಲಟ.

ತಗಡಿನ ಬದಲು ಎಮರಿ ಪೇಪರ್ ಕೂಡ ನೋಡಿದೆ. ಹಿಡಿತ ಜಾಸ್ತಿ, ಆದರೆ ಪೈಪಿನ ಬಣ್ಣ ಕೆರೆದು ಒಂದೇ ಮಳೆಗೆ ತುಕ್ಕು. ಇನ್ನೊಮ್ಮೆ ಕನ್ನಡಿಯಿಂದ ಬಾನೆಟ್‌ಗೆ ತಂತಿ ಬಿಗಿದೆ. 60ರ ಸ್ಪೀಡಿಗೆ ಅದು ತಂಬೂರಿಯ ಹಾಗೆ ಶ್ರುತಿ ಹಿಡಿಯಿತು. ಮಗಳು ಅದಕ್ಕೆ ಹಾಡಿದಳು. ಹಿರಿಯೂರಿನಲ್ಲಿ ನಿಲ್ಲಿಸಿ ಕಿತ್ತು ಹಾಕಿದೆ.

ಗೆದ್ದ ರಿಪೇರಿಗೆ ಖರ್ಚು ಸುಮಾರು 120 ರೂಪಾಯಿ. ಅದಕ್ಕೆ ಮೊದಲು ಹೋದದ್ದು ನಾಲ್ಕು ಸಾವಿರದ ಹತ್ತಿರ. ಗಾಡಿ ನಿಂತು ಇಂಜಿನ್ ಓಡುವಾಗ ಎಡಗಡೆ ಗಾಜು ಇನ್ನೂ ನಡುಗುತ್ತದೆ. ಅದು ಕ್ಲಾಂಪಿನದಲ್ಲ, ಇಂಜಿನ್ ಮೌಂಟಿಂಗ್ ರಬ್ಬರಿನದು. ಸಂಬಳ ಬಂದ ಮೇಲೆ ಅದನ್ನು ಬಿಚ್ಚುತ್ತೇನೆ.