ಯಾವ ಹೊಸಕೋಟೆ, ಯಾವ ಹ್ಯಾಂಡ್‌ಪೋಸ್ಟ್: 112 ಬಂದಾಗ ಹಾಸನದ ಕಂಟ್ರೋಲ್ ರೂಮಿನಲ್ಲಿ ಮಾಡಿದ ಕೆಲಸ

ತುರ್ತು ಕರೆ ಸ್ವೀಕರಿಸುವ ಕೆಲಸವನ್ನು ಜಿಲ್ಲೆಯಿಂದ ಬೆಂಗಳೂರಿಗೆ ಒಯ್ದದ್ದು ಸರಿಯೇ ಎಂದು ಪೊಲೀಸ್ ಇಲಾಖೆಯ ಹಳಬರು ಈಗಲೂ ನನ್ನನ್ನು ಕೇಳುತ್ತಾರೆ. ಸರಿ ಎಂದೇ ನನ್ನ ಉತ್ತರ. ಆದರೆ ಕರೆ ಹೋದಷ್ಟು ಸಲೀಸಾಗಿ ಊರಿನ ಪರಿಚಯ ಬೆಂಗಳೂರಿಗೆ ಹೋಗುವುದಿಲ್ಲ. ಅದನ್ನು ಯಾರಾದರೂ ಕೂತು ಬರೆದು ಕಳಿಸಬೇಕು. ಹಾಸನದ ಕಂಟ್ರೋಲ್ ರೂಮಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲು ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101, 2008ರಿಂದ ಆಂಬುಲೆನ್ಸಿಗೆ 108 ಇತ್ತು. ನೂರಕ್ಕೆ ಬಂದ ಕರೆ ನಮ್ಮ ಕೊಠಡಿಯಲ್ಲೇ ರಿಂಗಾಗುತ್ತಿತ್ತು. ಎತ್ತುವವನು ಜಿಲ್ಲೆಯವನೇ ಆಗಿರುತ್ತಿದ್ದ. ಊರಿನ ಅರ್ಧ ಹೆಸರು ಹೇಳಿದರೂ ಅವನಿಗೆ ಗೊತ್ತಾಗುತ್ತಿತ್ತು. ಹೆದ್ದಾರಿಯಲ್ಲಿ ಬಸ್ ಪಲ್ಟಿಯಾಯಿತೆಂದರೆ ಮಾತ್ರ ಕಷ್ಟ. ದಾರಿಹೋಕರೆಲ್ಲ ಒಟ್ಟಿಗೆ ಕರೆ ಮಾಡುತ್ತಿದ್ದರು, ಲೈನು ಬ್ಯುಸಿಯಾಗುತ್ತಿತ್ತು. ಅದೇ ಹೊತ್ತಿಗೆ ಅರಸೀಕೆರೆಯ ಯಾವುದೋ ಮನೆಯಲ್ಲಿ ಗಂಡನ ಹೊಡೆತ ತಾಳಲಾರದೆ ನೂರು ಒತ್ತಿದ ಹೆಂಗಸಿಗೆ ಉತ್ತರವೇ ಸಿಗುತ್ತಿರಲಿಲ್ಲ. ಜಿಲ್ಲೆಯ ಗಡಿಯಲ್ಲಿ ಇನ್ನೊಂದು ಫಜೀತಿ. ಮಾರನಹಳ್ಳಿಯ ಕೆಳಗೆ ಶಿರಾಡಿ ಘಾಟಿಯಲ್ಲಿ ನಿಂತವನ ಮೊಬೈಲು ಗುಂಡ್ಯದ ಕಡೆಯ ಟವರ್ ಹಿಡಿದರೆ ಕರೆ ದಕ್ಷಿಣ ಕನ್ನಡಕ್ಕೆ ಹೋಗುತ್ತಿತ್ತು. ಅಲ್ಲಿಂದ ನಮಗೆ ಫೋನು ಬಂದು, ನಾವು ಸಕಲೇಶಪುರಕ್ಕೆ ತಿಳಿಸುವಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದಿರುತ್ತಿತ್ತು.

2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಶುರುವಾದ, ಎಲ್ಲ ತುರ್ತು ಕರೆಗೂ ಒಂದೇ ನಂಬರಿನ 112 ವ್ಯವಸ್ಥೆ ಮರುವರ್ಷ ಕರ್ನಾಟಕಕ್ಕೂ ಬಂತು. ಕರೆ ಎತ್ತುವವರು ಬೆಂಗಳೂರಿನಲ್ಲಿ; ಅವರು ವಿವರ ದಾಖಲಿಸಿದ ಕೂಡಲೇ ಅದು ಜಿಲ್ಲೆಯ ಪರದೆಯ ಮೇಲೆ ಬರುತ್ತದೆ. ಯಾವ ಗಾಡಿ ಹೋಗಬೇಕೆಂದು ನಾವು ನೋಡಿ ಕಳಿಸುತ್ತೇವೆ, ಗಾಡಿಯಲ್ಲಿರುವ ಟ್ಯಾಬಿಗೆ ಸಂದೇಶ ಮುಟ್ಟುತ್ತದೆ. 108 ತನ್ನದೇ ಕೇಂದ್ರದಿಂದ ನಡೆಯುತ್ತಿದೆ, ಅಗತ್ಯ ಬಿದ್ದರೆ ಅವರನ್ನೂ ಸೇರಿಸಿಕೊಳ್ಳುತ್ತೇವೆ. ಕರೆ ಮಾಡಿದವನ ಸ್ಥಳವೂ ನಕ್ಷೆಯಲ್ಲಿ ಕಾಣುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಕಾಣುತ್ತದೆ ನಿಜ, ಆದರೆ ಅದು ಟವರಿನ ಲೆಕ್ಕದ ಅಂದಾಜು. ಪಟ್ಟಣದಲ್ಲಿ ಟವರುಗಳು ಹತ್ತಿರ ಹತ್ತಿರ ಇರುವುದರಿಂದ ನಡೆಯುತ್ತದೆ. ಮಲೆನಾಡಿನಲ್ಲಿ ಆ ಅಂದಾಜಿನ ವೃತ್ತದೊಳಗೆ ಎರಡು ಗುಡ್ಡ, ಒಂದು ಹೊಳೆ, ನಾಲ್ಕು ಎಸ್ಟೇಟು ಬಂದುಬಿಡುತ್ತವೆ.

ಹಾಗಾಗಿ ಕೊನೆಗೆ ಊರಿನ ಹೆಸರೇ ಗತಿ. ಹೆಸರಿನ ತೊಡಕು ಎಂಥದೆಂದು ಹೊರಗಿನವರಿಗೆ ತಿಳಿಯಲು ಒಂದೆರಡು ಉದಾಹರಣೆ ಸಾಕು. ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಇದೆ. ಅಲ್ಲಿಯವರು ಗಾಬರಿಯಲ್ಲಿ ಬರೀ ‘ಹೊಸಕೋಟೆ’ ಎನ್ನುತ್ತಾರೆ; ಬೆಂಗಳೂರಿನಲ್ಲಿ ಕೂತವರಿಗೆ ಹೊಸಕೋಟೆ ಎಂದರೆ ಕೋಲಾರದ ದಾರಿಯದು. ಅರಸೀಕೆರೆ ತಾಲ್ಲೂಕಿನಲ್ಲಿ ಗಂಡಸಿ ಹ್ಯಾಂಡ್‌ಪೋಸ್ಟ್, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲೂ ಹ್ಯಾಂಡ್‌ಪೋಸ್ಟ್. ಎರಡೂ ಕಡೆಯ ಜನ ‘ಹ್ಯಾಂಡ್‌ಪೋಸ್ಟ್’ ಎಂದಷ್ಟೇ ಹೇಳುತ್ತಾರೆ. ಲೈನು ಸರಿಯಿಲ್ಲದಿದ್ದರೆ ನಮ್ಮ ಬೇಲೂರಿಗೂ ಮಂಡ್ಯ ಜಿಲ್ಲೆಯ ಬೆಳ್ಳೂರಿಗೂ ಕಿವಿಯಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಹೊಸಹಳ್ಳಿ, ಕೊಪ್ಪಲುಗಳನ್ನಂತೂ ಲೆಕ್ಕ ಹಾಕುವುದೇ ಬೇಡ.

ಈ ಹೆಸರುಗಳ ಪಟ್ಟಿ ಮಾಡಲು ನಾನು ಮೊದಲು ಹೋದದ್ದು ಠಾಣೆಗಳಿಗೆ, ಬೀಟ್ ಪೊಲೀಸರ ಬಳಿಗೆ. ಅವರಿಂದ ಅರ್ಧ ಕೆಲಸವಾಯಿತು. ಉಳಿದರ್ಧ ಆದದ್ದು ಹಾಲಿನ ಡೇರಿಯ ಕಾರ್ಯದರ್ಶಿಗಳು, ಅಂಚೆಯವರು, ಲೈನ್‌ಮನ್‌ಗಳು ಮತ್ತು ಹಳ್ಳಿ ರೂಟಿನ ಬಸ್ ಕಂಡಕ್ಟರುಗಳಿಂದ. ಯಾವ ತಿರುವನ್ನು ಜನ ಏನೆಂದು ಕರೆಯುತ್ತಾರೆ ಎನ್ನುವುದು ಕಂಡಕ್ಟರಿಗೆ ಗೊತ್ತಿದ್ದಷ್ಟು ಕಂದಾಯ ಇಲಾಖೆಯ ನಕ್ಷೆಗೂ ಗೊತ್ತಿರುವುದಿಲ್ಲ. ಸಕಲೇಶಪುರ, ಬೇಲೂರು ಕಡೆಯ ಎಸ್ಟೇಟುಗಳಿಗೆ ರೈಟರುಗಳನ್ನು, ಅಂದರೆ ತೋಟದ ಲೆಕ್ಕ ಬರೆಯುವವರನ್ನು, ಹಿಡಿದೆವು. ಎಸ್ಟೇಟಿಗೆ ದಾಖಲೆಯಲ್ಲಿ ಒಂದು ಹೆಸರು, ಬೋರ್ಡಿನ ಮೇಲೆ ಇನ್ನೊಂದು, ಲೈನ್ ಮನೆಯ (ಎಸ್ಟೇಟಿನ ಸಾಲು ಮನೆಯ) ಕೂಲಿಯವರ ಬಾಯಲ್ಲಿ ಹಳೆಯ ಮಾಲೀಕರ ಹೆಸರು. ಮೂರನ್ನೂ ಬರೆದುಕೊಂಡೆವು.

ಪಟ್ಟಿಯಲ್ಲಿ ಒಂದೊಂದು ಜಾಗಕ್ಕೂ ಸರ್ಕಾರಿ ಹೆಸರು, ಜನರ ಹೆಸರು, ಹೋಬಳಿ, ಠಾಣೆ, ಹತ್ತಿರದ ಬಸ್ ಸ್ಟಾಪು, ಮಳೆಗಾಲದಲ್ಲಿ ಯಾವ ಗಾಡಿ ಹೋಗುತ್ತದೆ ಎಂಬ ಅಂಕಣಗಳಿದ್ದವು. ಎಸ್ಟೇಟುಗಳಿಗೆ ಮಾತ್ರ ಇನ್ನೊಂದು ಅಂಕಣ: ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಅವರ ಫೋನ್ ನಂಬರ್ ಏನು. ಗಾಡಿ ಗೇಟಿನವರೆಗೆ ಬೇಗ ಬಂದು, ಅಲ್ಲಿ ಬೀಗದ ಕೈಗಾಗಿ ಕಾಯುತ್ತಾ ನಿಲ್ಲುವುದನ್ನು ನೋಡಿದವರಿಗೆ ಈ ಅಂಕಣದ ಬೆಲೆ ತಿಳಿಯುತ್ತದೆ.

ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕೇಳುವ ಪ್ರಶ್ನೆಗಳು. ‘ನಿಮ್ಮ ಲೊಕೇಶನ್ ಹೇಳಿ’ ಎಂದರೆ ತೋಟದ ಕೂಲಿ ಹೆಂಗಸು ಏನು ಹೇಳಬೇಕು? ಬೆಂಗಳೂರಿನ ಸಿಬ್ಬಂದಿಗೆ ನಾವು ಒಂದು ಪ್ರಶ್ನೆ ಬರೆದುಕೊಟ್ಟೆವು: ‘ನೀವು ಯಾವ ಸಂತೆಗೆ ಹೋಗುತ್ತೀರಿ?’ ಅಕ್ಷರ ಬಾರದವರಿಗೂ, ಹೊರ ರಾಜ್ಯದಿಂದ ಕಾಫಿ ಕೊಯ್ಲಿಗೆ ಬಂದವರಿಗೂ ತಮ್ಮ ಸಂತೆ ಗೊತ್ತಿರುತ್ತದೆ. ಒಂದು ರಾತ್ರಿ ಬಂದ ಕರೆಯ ಮಾತು ಹೀಗಿತ್ತು.

‘ಸಾರ್, ಬೇಗ ಬನ್ನಿ, ನಮ್ಮ ಲೈನಿನಲ್ಲಿ ಕತ್ತಿ ಹಿಡಿದು ಹೊಡೆದಾಡುತ್ತಿದ್ದಾರೆ.’

‘ಯಾವ ಊರಮ್ಮ?’

‘ಹೊಸಳ್ಳಿ ಸಾರ್.’

‘ಸಂತೆಗೆ ಎಲ್ಲಿಗೆ ಹೋಗುತ್ತೀರಿ?’

‘ಹಾನುಬಾಳಿಗೆ.’

‘ಬಸ್ಸು ಇಳಿದು ಎಷ್ಟು ದೂರ ನಡೆಯುತ್ತೀರಿ? ದಾರಿಯಲ್ಲಿ ಏನು ಸಿಗುತ್ತದೆ?’

‘ಸ್ಕೂಲು ದಾಟಿ ಇಳಿಜಾರು ಸಾರ್, ಕೆಳಗೆ ಕಣ ಇದೆ.’

ಹಾನುಬಾಳು ಎಂದ ಕೂಡಲೇ ಜಿಲ್ಲೆ, ತಾಲ್ಲೂಕು, ಠಾಣೆ ಮೂರೂ ಗೊತ್ತಾದವು. ಶಾಲೆ ಮತ್ತು ಕಾಫಿ ಒಣಗಿಸುವ ಕಣ ಸೇರಿದ ಮೇಲೆ ಪಟ್ಟಿಯಲ್ಲಿ ಒಂದೇ ಎಸ್ಟೇಟು ಉಳಿಯಿತು. ಗಾಡಿ ಹೊರಡುವಾಗಲೇ ರೈಟರಿಗೆ ಫೋನು ಹೋಗಿ ಗೇಟು ತೆರೆದಿತ್ತು. ಹೆದ್ದಾರಿಯ ಅಪಘಾತಗಳಿಗೂ ಇಂಥದೇ ಒಂದು ಪ್ರಶ್ನೆ ಇದೆ: ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ?

ಗಡಿಯ ತೊಂದರೆಯನ್ನು ಒಂದೇ ಕೇಂದ್ರ ಬಹಳ ಮಟ್ಟಿಗೆ ಕಳೆದಿದೆ. ಬೇಲೂರಿನ ಅಂಚಿನ ಹಳ್ಳಿಗೆ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡಿನ ಗಾಡಿ ಹತ್ತಿರವಿದ್ದರೆ ಅದೇ ಹೋಗಬೇಕು. ‘ನಮ್ಮ ಸರಹದ್ದಲ್ಲ’ ಎಂಬ ಮಾತು ರಕ್ತ ಸುರಿಯುತ್ತಿರುವವನ ಮುಂದೆ ಆಡುವಂಥದಲ್ಲ. ಚಿಕ್ಕಮಗಳೂರಿನ ಕಂಟ್ರೋಲ್ ರೂಮಿನವರೂ ನಾವೂ ಗಡಿ ಊರುಗಳ ಪಟ್ಟಿಯನ್ನು ಪರಸ್ಪರ ಬದಲಾಯಿಸಿಕೊಂಡೆವು. ಕೊಡಗಿನ ಕೊಡ್ಲಿಪೇಟೆ ಕಡೆಗೂ ಹಾಗೆಯೇ ಮಾಡಿದೆವು.

2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲಿನ ಬಳಿ ಶಿರಾಡಿ ರಸ್ತೆಗೆ ಗುಡ್ಡ ಕುಸಿದು ವಾಹನಗಳು ಸಿಕ್ಕಿಬಿದ್ದವು. ಅಂಥ ದಿನ ಒಂದೇ ಘಟನೆಗೆ ಎಲ್ಲ ಕಡೆಯಿಂದ ಕರೆ ಬರುತ್ತದೆ. ಹಳೆಯ ಕೊಠಡಿಯಾಗಿದ್ದರೆ ಎರಡು ಫೋನುಗಳಲ್ಲಿ ಏನೂ ನಿಭಾಯಿಸಲಾಗುತ್ತಿರಲಿಲ್ಲ. ದೊಡ್ಡ ಕೇಂದ್ರದಲ್ಲಿ ಕರೆ ಎತ್ತಲು ಜನವಿರುತ್ತಾರೆ, ಒಂದೇ ಘಟನೆಯ ಕರೆಗಳನ್ನು ಒಟ್ಟುಗೂಡಿಸುತ್ತಾರೆ, ಜಿಲ್ಲೆಯವರು ಗಾಡಿ, ಜೆಸಿಬಿ, ಬದಲಿ ದಾರಿಯ ಕಡೆ ಗಮನ ಕೊಡಬಹುದು. ಕೇಂದ್ರೀಕರಣದ ಪರವಾಗಿ ನನಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ. ಅದೇ ಘಾಟಿಯಲ್ಲಿ ಟ್ಯಾಬಿಗೆ ನೆಟ್‌ವರ್ಕ್ ಸಿಗದ ತಿರುವುಗಳಿವೆ ಎನ್ನುವುದೂ ನಿಜ. ಟ್ಯಾಬು ಬಂತೆಂದು ವೈರ್‌ಲೆಸ್ ಸೆಟ್ಟನ್ನು ಬಿಚ್ಚಿಡಬಾರದು ಎಂದು ನಾನು ಹಟ ಹಿಡಿದೆ, ಈಗಲೂ ಅದೇ ಹಟ.

ಗಾಡಿ ಕಳಿಸುವ ಕುರ್ಚಿಯನ್ನೂ ಮುಂದೆ ನಾಲ್ಕೈದು ಜಿಲ್ಲೆಗೆ ಒಂದು ಎಂದು ಮಾಡಬಹುದೇ ಎಂದು ಕೇಳಿದರೆ, ಪಟ್ಟಿ ಪೂರ್ತಿಯಾಗದೆ ಬೇಡ ಎನ್ನುತ್ತೇನೆ. ಪಟ್ಟಿ ಒಮ್ಮೆ ಬರೆದರೆ ಮುಗಿಯುವಂಥದೂ ಅಲ್ಲ. ಎಸ್ಟೇಟು ಕೈ ಬದಲಾಗುತ್ತದೆ, ರೈಟರು ಕೆಲಸ ಬಿಡುತ್ತಾನೆ, ಹಳ್ಳದ ಮೋರಿ ಕೊಚ್ಚಿ ಹೋಗುತ್ತದೆ, ಹೊಸ ಬಡಾವಣೆ ಏಳುತ್ತದೆ. ನಮ್ಮಲ್ಲಿ ಬೀಟ್ ಪೊಲೀಸರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಾಫಿ ಕೊಯ್ಲು ಶುರುವಾಗುವಾಗ ಇನ್ನೊಮ್ಮೆ ತಮ್ಮ ಪಾಲಿನ ಹಾಳೆ ತಿದ್ದಿ ಸಹಿ ಹಾಕಿ ಕೊಡುವ ಪದ್ಧತಿ ಮಾಡಿದೆವು. ಬೇರೆ ಜಿಲ್ಲೆಯವರು ಈ ಕೆಲಸಕ್ಕೆ ಇಳಿಯುವುದಾದರೆ ಕೊಯ್ಲಿನ ತಿದ್ದುಪಡಿಯನ್ನು ಬಿಡಬೇಡಿ. ಲೈನ್ ಮನೆಗಳಿಗೆ ಹೊಸಬರು ಬಂದು ಸೇರುವುದು ಆಗಲೇ. ಗೇಟಿನ ಫೋನ್ ನಂಬರುಗಳಿಗೆ ಒಮ್ಮೆ ಕರೆ ಮಾಡಿ, ರಾತ್ರಿ ಹೊತ್ತೂ ಎತ್ತುತ್ತಾರೆಯೇ ಎಂದು ನೋಡಿಕೊಳ್ಳಿ.