ಒಂದು ಮನೆ, ಒಂದು ಕೆಲಸ, ಒಂದು ತಾರೀಖು: ಮಾಜಿ ಸೈನಿಕರ ಮನೆಗಳಿಗೆ ಕಾಲೇಜು ಹುಡುಗರನ್ನು ಜೋಡಿಸಿದ ನಮ್ಮ ಅನುಭವ

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಕೊಂಡು ಬಂದಿದೆ. ಆ ವಾರ ದಾವಣಗೆರೆಯ ಯಾವ ಕಾಲೇಜಿಗೆ ಹೋಗಿ ‘ಮಿಲಿಟರಿಯವರ ಮನೆ ಕೆಲಸಕ್ಕೆ ಯಾರು ಬರ್ತೀರಿ’ ಎಂದು ಕೇಳಿದರೂ ಅರ್ಧ ಕ್ಲಾಸು ಕೈ ಎತ್ತುತ್ತದೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬೆರಳೆಣಿಕೆಯಷ್ಟು ಜನ ಉಳಿದರೆ ಹೆಚ್ಚು. ಇದು ಹುಡುಗರ ತಪ್ಪಲ್ಲ. ಬೈಕ್ ರ‍್ಯಾಲಿ, ಶಾಲು, ಹಾರ, ಗ್ರೂಪ್ ಫೋಟೊ ಮುಗಿದ ಮೇಲೆ ಅವರ ಕೈಗೆ ಕೊಡಲು ಕರೆದವರ ಹತ್ತಿರ ಕೆಲಸವೇ ಇರುವುದಿಲ್ಲ. ಅದಕ್ಕೇ ನಾವು ಮೊದಲು ಕೆಲಸ ಗೊತ್ತು ಮಾಡಿಕೊಳ್ಳುತ್ತೇವೆ, ಆಮೇಲೆ ಹುಡುಗರನ್ನು ಹುಡುಕುತ್ತೇವೆ. ಯಾವ ಮನೆ, ಏನು ಕೆಲಸ, ಯಾವ ತಾರೀಖಿನೊಳಗೆ ಎಂಬ ಮೂರೂ ಗೊತ್ತಿಲ್ಲದೆ ಯಾರನ್ನೂ ಕರೆಯುವುದಿಲ್ಲ.

ಹುಡುಗರು ಸಿಗುವ ಜಾಗ ಮೂರು. ಮೊದಲನೆಯದು ಕಾಲೇಜಿನ ಎನ್‌ಎಸ್‌ಎಸ್ ಘಟಕ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಗಿಡ ನೆಟ್ಟು, ಕ್ಯಾಂಪಸ್ ಗುಡಿಸಿ ಅಷ್ಟು ಗಂಟೆ ತುಂಬಿಸುವುದು ಕಾರ್ಯಕ್ರಮಾಧಿಕಾರಿಗಳಿಗೂ ಕಷ್ಟವೇ. ಅವರಿಗೆ ಒಂದೇ ಪುಟದ ಪತ್ರ ಕೊಡುತ್ತೇವೆ: ಯಾವ ಊರು, ಎಷ್ಟು ಗಂಟೆ, ಜೊತೆಗೆ ಹೋಗುವ ಹಿರಿಯರು ಯಾರು, ಸಂಜೆ ಎಷ್ಟಕ್ಕೆ ವಾಪಸ್. ದೇಶಭಕ್ತಿಯ ಮಾತು ಪತ್ರದಲ್ಲಿ ಬೇಡ, ಅದು ಅವರಿಗೆ ಗೊತ್ತಿದೆ.

ಎರಡನೆಯದು ಹಾಸ್ಟೆಲ್. ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳ್ಳಿ ಮಕ್ಕಳಿರುತ್ತಾರೆ. ಶನಿವಾರ ಹೇಗೂ ಊರಿಗೆ ಹೋಗುತ್ತಾರೆ, ಬಸ್ ಖರ್ಚು ಬೇರೆ ಬೇಕಿಲ್ಲ. ನಮ್ಮ ಲೆಕ್ಕದಲ್ಲಿ ಕೊನೆತನಕ ನಿಲ್ಲುವವರು ಇವರೇ. ತಮ್ಮೂರಿನ ಅಜ್ಜನ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಮುಂದಿನ ಶನಿವಾರ ಕಟ್ಟೆ ಮೇಲೆ ಕೂತ ಅದೇ ಅಜ್ಜನ ಮುಂದೆ ಹಾದು ಹೋಗಬೇಕಲ್ಲ.

ಮೂರನೆಯದು ಬೆಳಗಿನ ಜಾವದ ಮೈದಾನ. ಅಗ್ನಿವೀರ್ ಭರ್ತಿಗೆ 1.6 ಕಿಲೋಮೀಟರ್ ಓಟ, ಬೀಮ್ (ಕಂಬಿ ಹಿಡಿದು ಮೈ ಎತ್ತುವುದು), 9 ಅಡಿ ಹಳ್ಳ ಹಾರುವುದು ಅಭ್ಯಾಸ ಮಾಡುವ ಹುಡುಗರು ಐದು ಗಂಟೆಗೇ ಬಂದಿರುತ್ತಾರೆ. ನಿವೃತ್ತ ಹವಾಲ್ದಾರರೊಬ್ಬರು ವಾರಕ್ಕೆ ಎರಡು ದಿನ ಅವರ ಓಟ ನೋಡಿ ತಿದ್ದುತ್ತಾರೆ, ಹುಡುಗರು ತಿಂಗಳಿಗೆ ಎರಡು ಭಾನುವಾರ ಕಾಗದದ ಕೆಲಸಕ್ಕೆ ಬರುತ್ತಾರೆ. ಇಲ್ಲಿ ಒಂದು ಮಾತು ಮೊದಲ ದಿನವೇ ಬಿಡಿಸಿ ಹೇಳಬೇಕು: ಈ ಸೇವೆಯಿಂದ ಭರ್ತಿಯಲ್ಲಿ ಒಂದು ಅಂಕವೂ ಬರುವುದಿಲ್ಲ, ಯಾರ ಶಿಫಾರಸೂ ನಡೆಯುವುದಿಲ್ಲ. ಹೇಳದೆ ಹೋದರೆ ಆಸೆ ಹುಟ್ಟುತ್ತದೆ, ಆ ಆಸೆಯ ಬೆನ್ನಿಗೆ ದಲ್ಲಾಳಿಗಳು ಬರುತ್ತಾರೆ.

ತರಬೇತಿ ಒಂದು ಮಧ್ಯಾಹ್ನ, ಮೂರು ಗಂಟೆ, ಸಾಕು. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನ ದರ್ಜೆಗಳು, ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡುವ ಸೇವಾ ಪುಸ್ತಕ), ಪಿಪಿಒ (ಪಿಂಚಣಿ ಪಾವತಿ ಆದೇಶ), ಪಾರ್ಟ್ ಟೂ ಆರ್ಡರ್ (ಮದುವೆ, ಮಕ್ಕಳಂಥ ವಿವರಗಳನ್ನು ಸೇನೆ ದಾಖಲಿಸುವ ಆದೇಶ), ರೆಕಾರ್ಡ್ ಆಫೀಸ್ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಎಂಬ ಮಾತುಗಳ ಅರ್ಥ, ಸೇನಾ ಸಂಖ್ಯೆಯ ಕೊನೆಯ ಇಂಗ್ಲಿಷ್ ಅಕ್ಷರವನ್ನು ಬಿಡದೆ ಬರೆಯುವುದು. ಆ ಒಂದು ಅಕ್ಷರ ಬಿಟ್ಟುಹೋದ ಅರ್ಜಿ ಸುತ್ತಿ ಸುತ್ತಿ ವಾಪಸ್ ಬರುತ್ತದೆ.

ಹೊಸ ಹುಡುಗರಿಗೆ ನಾವು ಕೊಡುವ ಮೊದಲ ಕೆಲಸ ಜೀವನ ಪ್ರಮಾಣ ಪತ್ರ, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಕೊಡುವ ಪತ್ರ. ಒಂದು ಕೂರಿಕೆಯಲ್ಲಿ ಮುಗಿಯುತ್ತದೆ, ಫಲ ಕಣ್ಣಿಗೆ ಕಾಣುತ್ತದೆ, ತಪ್ಪಿದರೆ ಪಿಂಚಣಿ ನಿಲ್ಲುತ್ತದೆ ಎಂಬ ಜವಾಬ್ದಾರಿಯೂ ಅರ್ಥವಾಗುತ್ತದೆ. ರಕ್ಷಣಾ ಪಿಂಚಣಿ ಈಗ ಬಹುಪಾಲು ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ, ಪ್ರಯಾಗರಾಜ್‌ನ ಪಿಸಿಡಿಎ ಪೆನ್ಷನ್ಸ್ ಎಂಬ ರಕ್ಷಣಾ ಲೆಕ್ಕಪತ್ರ ಕಚೇರಿ ಅದನ್ನು ನಡೆಸುತ್ತದೆ. ಹಳೆಯ ಕಾಲದಂತೆ ಬ್ಯಾಂಕ್ ಮ್ಯಾನೇಜರ ಮುಂದೆ ಕೂತು ಸಹಿ ಹಾಕಿ ಬಂದರೆ ಆಯಿತೆಂದು ಇನ್ನೂ ನಂಬಿರುವವರು ಹಳ್ಳಿಗಳಲ್ಲಿ ಬಹಳ.

ಈಗ ಈ ಪತ್ರವನ್ನು ಆಧಾರ್ ಮೂಲಕ ಬೆರಳಚ್ಚು ಇಲ್ಲವೇ ಮುಖ ತೋರಿಸಿ ಕೊಡಬಹುದು, ಆದರೆ ಬೆರಳಚ್ಚು ನಮ್ಮ ಕಡೆ ಕೈಕೊಡುತ್ತದೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿದ, ದಾವಣಗೆರೆ ಸುತ್ತ ಮೆಕ್ಕೆಜೋಳ ಮುರಿದ ಬೆರಳುಗಳಲ್ಲಿ ಗೆರೆಗಳೇ ಸವೆದಿರುತ್ತವೆ. ನಾಲ್ಕು ಸಲ ಒತ್ತಿಸಿ ಅಜ್ಜಿಯನ್ನು ದಣಿಸುವ ಬದಲು ಮೊದಲಿಗೇ ಮುಖ ಗುರುತಿಗೆ ಹೋಗುತ್ತೇವೆ. ಆಂಡ್ರಾಯ್ಡ್ ಫೋನಿನಲ್ಲಿ ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್. ಮೊದಲು ಸ್ವಯಂಸೇವಕನೇ ತನ್ನ ಆಧಾರ್, ಮೊಬೈಲ್, ಇಮೇಲ್ ಕೊಟ್ಟು ಮುಖ ತೋರಿಸಿ ಆಪರೇಟರ್ ಆಗಬೇಕು. ಇದು ಆ ಫೋನಿಗೆ ಒಮ್ಮೆ ಮಾತ್ರ, ಹಿಂದಿನ ರಾತ್ರಿ ಊರಲ್ಲೇ ಮುಗಿಸಿಕೊಂಡು ಹೋಗಬೇಕು. ಜಗಳೂರಿನ ತಾಂಡಾದಲ್ಲಿ ನಿಂತು ಆ್ಯಪ್ ಇಳಿಸಲು ಹೋದರೆ ನೆಟ್‌ವರ್ಕ್ ಸಿಗದೆ ಮಧ್ಯಾಹ್ನವಾಗುತ್ತದೆ.

ಆಮೇಲೆ ಪಿಂಚಣಿದಾರರ ಆಧಾರ್ ಸಂಖ್ಯೆ, ಮೊಬೈಲ್, ಓಟಿಪಿ. ಮುಂದಿನ ಪರದೆಯಲ್ಲೇ ಹೆಚ್ಚು ತಪ್ಪುಗಳಾಗುವುದು. ಭೂಸೇನೆಯವರಿಗೆ ಮಂಜೂರಾತಿ ಪ್ರಾಧಿಕಾರ ‘ಡಿಫೆನ್ಸ್ – ಪಿಸಿಡಿಎ ಪಿ ಅಲಹಾಬಾದ್’. ವಾಯುಸೇನೆಗೆ ಸುಬ್ರೊತೊ ಪಾರ್ಕಿನ ಜಂಟಿ ಸಿಡಿಎ, ನೌಕಾಪಡೆಗೆ ಮುಂಬೈನ ಪಿಸಿಡಿಎ ನೇವಿ. ವಿತರಣಾ ಸಂಸ್ಥೆ ಮೂರು ಪಡೆಗೂ ‘ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್’. ಊರಿನ ಹೆಸರು ಪ್ರಯಾಗರಾಜ್ ಆದರೂ ಪಟ್ಟಿಯಲ್ಲಿ ಅಲಹಾಬಾದ್ ಎಂದೇ ಹುಡುಕಬೇಕು. ದುಡ್ಡು ಬರುವುದು ಸ್ಟೇಟ್ ಬ್ಯಾಂಕಿಗೋ ಕೆನರಾ ಬ್ಯಾಂಕಿಗೋ ಅಲ್ಲವೇ ಎಂದು ಬ್ಯಾಂಕಿನ ಹೆಸರು ಒತ್ತಿದರೆ ಪತ್ರ ತಿರಸ್ಕಾರವಾಗುತ್ತದೆ. ಪಿಪಿಒ ಸಂಖ್ಯೆಯೂ ಹಾಗೆಯೇ: ಟ್ರಂಕಿನ ತಳದಲ್ಲಿರುವ ಹಳೆಯ ಸಂಖ್ಯೆ ನಡೆಯುವುದಿಲ್ಲ, ಸ್ಪರ್ಶ್ ಕೊಟ್ಟ 12 ಅಂಕಿಯ ಹೊಸ ಸಂಖ್ಯೆಯೇ ಬೇಕು. ಯಜಮಾನರು ತೀರಿಹೋಗಿರುವ ಮನೆಯಲ್ಲಿ ಪಿಂಚಣಿಯ ಬಗೆ ‘ಫ್ಯಾಮಿಲಿ’ ಎಂದಿರಬೇಕು, ‘ಸರ್ವಿಸ್’ ಅಲ್ಲ. ಮರುನೇಮಕ, ಮರುಮದುವೆ ಎಂಬ ಎರಡು ಪ್ರಶ್ನೆಗಳನ್ನು ಓದದೆ ಬೆರಳು ಆಡಿಸಿದರೆ ಕುಟುಂಬ ಪಿಂಚಣಿಗೇ ಕುತ್ತು. ಅದಕ್ಕೇ ಒಬ್ಬರು ತುಂಬಬೇಕು, ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳಬೇಕು.

ಮುಖ ತೋರಿಸುವಾಗ ಬೆಳಕು ಮುಂದಿನಿಂದ ಬರಬೇಕು. ಪಡಸಾಲೆಯ ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರೆ ಮುಖ ಕಪ್ಪಾಗಿ ಆ್ಯಪ್ ಸುತ್ತುತ್ತಲೇ ಇರುತ್ತದೆ. ಕುರ್ಚಿ ತಿರುಗಿಸಿ ಬಾಗಿಲ ಕಡೆ ಮುಖ ಮಾಡಿಸಿ, ಹಿಂದೆ ದೇವರ ಫೋಟೊ, ಕ್ಯಾಲೆಂಡರ್ ಇಲ್ಲದ ಖಾಲಿ ಗೋಡೆ ಇರಲಿ. ಕನ್ನಡಕ, ಟೋಪಿ, ತಲೆಗೆ ಸುತ್ತಿದ ಟವೆಲ್ ತೆಗೆಸಬೇಕು. ಸೆರಗು ಹಣೆಯ ಮೇಲೆ ಬಂದಿದ್ದರೆ ‘ಅಜ್ಜಿ, ಸೆರಗು ಒಂಚೂರು ಹಿಂದಕ್ಕೆ ತಗೀರಿ’ ಎಂದು ಮನೆಯ ಹೆಣ್ಣುಮಕ್ಕಳೋ ನಮ್ಮ ಹುಡುಗಿಯೋ ಹೇಳಲಿ. ಫೋನು ಕಣ್ಣಿನ ಎತ್ತರಕ್ಕೆ, ಒಂದು ಮೊಳ ದೂರ. ಕಣ್ಣು ಮಿಟುಕಿಸಲು ಆ್ಯಪ್ ಕೇಳಿದಾಗ ವಯಸ್ಸಾದವರು ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತಾರೆ. ಎದುರಿಗೆ ನಿಂತು ನಾವೇ ಮಿಟುಕಿಸಿ ತೋರಿಸಿದರೆ ಕೂಡಲೇ ಆಗುತ್ತದೆ.

ಪ್ರಮಾಣ ಐಡಿ ಮೆಸೇಜು ಬಂದ ಮೇಲೂ ಕೆಲಸ ಮುಗಿದಿಲ್ಲ. ಐಡಿ ಬಂತೆಂದರೆ ಪತ್ರ ಹೊರಟಿತು ಎಂದಷ್ಟೇ ಅರ್ಥ, ಒಪ್ಪಿಗೆಯಾಯಿತು ಎಂದಲ್ಲ. ವಾರ ಬಿಟ್ಟು ಅದೇ ಜೋಡಿ ಫೋನು ಮಾಡಿ, ಸ್ಪರ್ಶ್ ಪುಟದಲ್ಲಿ ಮುಂದಿನ ಗಡುವು ಒಂದು ವರ್ಷ ಮುಂದಕ್ಕೆ ಹೋಗಿದೆಯೇ ಎಂದು ನೋಡಿಸಬೇಕು. ಹೋಗಿದ್ದರೆ ಮಾತ್ರ ನಮ್ಮ ಡೈರಿಯಲ್ಲಿ ಸರಿ ಗುರುತು ಬೀಳುತ್ತದೆ.

ಹುಡುಗರ ತಾಳ್ಮೆ ಪರೀಕ್ಷೆಯಾಗುವುದು ಹೆಸರಿನ ವ್ಯತ್ಯಾಸದಲ್ಲಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಗೌರವ್ವ, ಆಧಾರಿನಲ್ಲಿ ಗೌರಮ್ಮ. ತಾಂಡಾಗಳಲ್ಲಿ ಒಂದು ಕಡೆ ‘ಬಾಯಿ’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮದುವೆಯ ಸಮಯದಲ್ಲಿ ಘಟಕದ ಗುಮಾಸ್ತರು ಕೇಳಿಸಿದಂತೆ ಬರೆದುಕೊಂಡದ್ದು ನಲವತ್ತು ವರ್ಷ ಆದ ಮೇಲೆ ಕುಟುಂಬ ಪಿಂಚಣಿಯ ಹೊತ್ತಿಗೆ ಎದ್ದು ಬರುತ್ತದೆ. ಯಜಮಾನರು ಬದುಕಿರುವಾಗಲೇ ತಿದ್ದಿಸುವುದು ಸುಲಭ, ಆಮೇಲೆ ಬಹಳ ಕಷ್ಟ. ಆದ್ದರಿಂದ ಪ್ರತಿ ಮನೆಯಲ್ಲೂ ಐದು ಕಾಗದ ಪಕ್ಕ ಪಕ್ಕ ಇಟ್ಟು ನೋಡುತ್ತೇವೆ: ಡಿಸ್ಚಾರ್ಜ್ ಬುಕ್, ಪಿಪಿಒ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್. ಹೆಸರು, ಹುಟ್ಟಿದ ದಿನ, ಇನಿಷಿಯಲ್ ಮೂರನ್ನೂ ಒಂದೊಂದೇ ಅಕ್ಷರ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಹುಡುಗರು ತಿದ್ದಲು ಹೋಗಬಾರದು, ಒಂದು ಹಾಳೆಯಲ್ಲಿ ಬರೆದುಕೊಂಡು ಸೈನಿಕ ಕಲ್ಯಾಣ ಕಚೇರಿಗೆ ಆ ಮನೆಯವರ ಜೊತೆ ಹೋಗಬೇಕು. ಅಲ್ಲಿಂದ ಅದು ರೆಕಾರ್ಡ್ ಆಫೀಸಿಗೆ ಹೋಗುತ್ತದೆ: ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್, ಆರ್ಟಿಲರಿ ನಾಸಿಕ್ ರೋಡ್, ಇಎಂಇ (ಸೇನೆಯ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್‌ಗಳ ದಳ) ಸಿಕಂದರಾಬಾದ್, ಸಿಗ್ನಲ್ಸ್ ಜಬಲ್‌ಪುರ. ‘ಅಜ್ಜಾರ, ನೀವು ಯಾವ ಸೆಂಟರು’ ಎಂದು ಕೇಳಿದರೆ ಸಾಕು, ಅವರೇ ಹೇಳುತ್ತಾರೆ, ಅದರ ಜೊತೆಗೆ ನಾಲ್ಕು ಕಥೆಯನ್ನೂ. ಆ ಕಥೆಗೆ ಸಮಯ ಇಟ್ಟುಕೊಂಡೇ ಹೋಗಬೇಕು, ಒಂದು ಮನೆಗೆ ಒಂದೂವರೆ ಗಂಟೆ.

ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನದ ಅರ್ಜಿಗಳು ಎರಡನೇ ಹಂತ. 15 ವರ್ಷ ಸೇವೆ ಪೂರೈಸದೆ ಪಿಂಚಣಿ ಇಲ್ಲದೆ ಬಂದ ಸಿಪಾಯಿಗಳು ನಮ್ಮ ಹಳ್ಳಿಗಳಲ್ಲಿದ್ದಾರೆ. ಸನ್ಮಾನದ ಪಟ್ಟಿಯಲ್ಲೂ ಅವರ ಹೆಸರು ಇರುವುದಿಲ್ಲ. ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ, ಪಿಂಚಣಿ ಇಲ್ಲದ ಮಾಜಿ ಸೈನಿಕರಿಗೂ ಅಂಥವರ ವಿಧವೆಯರಿಗೂ ಪೆನ್ಯುರಿ ಗ್ರಾಂಟ್ (ಕಡುಬಡತನದ ಸಹಾಯಧನ) ಇದೆ. 2025ರ ನವೆಂಬರ್ 1ರಿಂದ ಅದು ತಿಂಗಳಿಗೆ 4,000ದಿಂದ 8,000 ರೂಪಾಯಿ ಆಗಿದೆ. ಅವರನ್ನು ಹುಡುಕಿ ಕೊಡುವುದೇ ದೊಡ್ಡ ಕೆಲಸ, ಅದು ಹಾಸ್ಟೆಲ್ ಹುಡುಗರಿಂದಲೇ ಆಗುವುದು. ಹವಾಲ್ದಾರ್‌ವರೆಗಿನವರ ಇಬ್ಬರು ಮಕ್ಕಳಿಗೆ ಪದವಿಯವರೆಗೆ ಶಿಕ್ಷಣ ಸಹಾಯವಿದೆ. ವೃತ್ತಿಪರ ಕೋರ್ಸಿನ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ: ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500, ಶೇಕಡ 60 ಅಂಕ ಬೇಕು, ಮೊದಲ ವರ್ಷದಲ್ಲೇ ಹಾಕಬೇಕು. ಎರಡನೇ ವರ್ಷದಲ್ಲಿ ನೆನಪಾದರೆ ಕೈತಪ್ಪಿದಂತೆಯೇ. ಅಪ್‌ಲೋಡ್ ಮಾಡುವುದು ಮೂಲ ದಾಖಲೆಯ ಸ್ಕ್ಯಾನ್ ಆಗಿರಲಿ, ಜೆರಾಕ್ಸಿನ ಸ್ಕ್ಯಾನ್ ಬೇಡ.

ಮನೆಗೆ ಹೋಗುವ ರೀತಿ ಬಗ್ಗೆ ನಮ್ಮಲ್ಲಿ ಕಟ್ಟುನಿಟ್ಟು ಇದೆ. ಇಬ್ಬರೇ ಹೋಗಬೇಕು, ಒಂಟಿ ಹೆಂಗಸಿನ ಮನೆಯಾದರೆ ಒಬ್ಬಳು ಹುಡುಗಿ ಇರಲೇಬೇಕು. ಓಟಿಪಿ ಬಂದಾಗ ಫೋನು ಮನೆಯವರ ಕೈಯಲ್ಲೇ ಇರಬೇಕು. ಆಧಾರ್, ಪಿಪಿಒ, ಪಾಸ್‌ಬುಕ್ಕಿನ ಫೋಟೊ ಹುಡುಗರ ಫೋನಿನಲ್ಲಿ ಉಳಿಯಕೂಡದು, ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಲೇಕೂಡದು. ಒಮ್ಮೆ ಹುಡುಗನೊಬ್ಬ ಖುಷಿಗೆ ಹಾಕಿದ ಸೆಲ್ಫಿಯಲ್ಲಿ ಮೇಜಿನ ಮೇಲಿದ್ದ ಪಿಪಿಒ ಪೂರ್ತಿ ಓದುವಂತೆ ಕಾಣುತ್ತಿತ್ತು. ಅಂದಿನಿಂದ ಕೆಲಸ ನಡೆಯುವಾಗ ಕ್ಯಾಮೆರಾ ಇಲ್ಲ. ಚಹಾ ಕುಡಿಯಬಹುದು, ದುಡ್ಡು ಮುಟ್ಟುವಂತಿಲ್ಲ, ಬಸ್ ಚಾರ್ಜ್ ಸಹ.

ಇನ್ನೊಂದು, ‘ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದ್ರಿ’ ಎಂಬ ಪ್ರಶ್ನೆಯನ್ನು ಯಾರೂ ಕೇಳಬಾರದು. ಅವರಾಗಿ ಹೇಳಿದರೆ ಕೇಳಬೇಕು. ನಿದ್ದೆ ಬರುವುದಿಲ್ಲ, ಯಾರ ಜೊತೆಯೂ ಮಾತು ಬೇಡ ಎನ್ನುವವರು ಕಂಡರೆ ಬುದ್ಧಿ ಹೇಳಲು ಕೂರದೆ ಮನೆಯವರಿಗೆ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟು, ಜೊತೆಯ ಹಿರಿಯರಿಗೆ ಅದೇ ದಿನ ತಿಳಿಸಬೇಕು.

ಸೇವೆಯಲ್ಲಿರುವವರ ಮನೆಗಳ ಕೆಲಸ ಬೇರೆ. ಮಗ ಗಡಿಯಲ್ಲಿ, ಇಲ್ಲಿ ತಾಯಿಗೆ ಡಯಾಲಿಸಿಸ್, ಸೊಸೆಯ ಕಂಕುಳಲ್ಲಿ ಕೂಸು. ಅಲ್ಲಿ ಬೇಕಾದದ್ದು ಬೆಳಿಗ್ಗೆ ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುವ ಒಂದು ಜೀವ. ಜಮೀನಿನ ಅಳತೆ, ಒತ್ತುವರಿ ಜಗಳಗಳಲ್ಲಿ ಮಾತ್ರ ಹುಡುಗರು ಕಾಲಿಡಬಾರದು. ಅರ್ಜಿ ಬರೆದುಕೊಟ್ಟು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದೊಯ್ದರೆ ಸಾಕು, ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ.

ನಮಗೆ ಹೆಚ್ಚು ಪೆಟ್ಟು ಕೊಟ್ಟದ್ದು ‘ಮಾಡಿಸ್ಕೊಡ್ತೀವಿ ಬಿಡಿ ಅಜ್ಜ’ ಎಂಬ ಮಾತು. ಮಂಜೂರು ಮಾಡುವುದು ನಮ್ಮ ಕೈಯಲ್ಲಿಲ್ಲ. ಈಗ ಹುಡುಗರು ಹೇಳುವುದು ‘ಮುಂದಿನ ಎರಡನೇ ಶನಿವಾರ ಬಂದು ಏನಾಯ್ತು ಅಂತ ಹೇಳ್ತೀವಿ’ ಎಂದಷ್ಟೆ, ಆ ಶನಿವಾರ ಸುದ್ದಿ ಏನೂ ಇಲ್ಲದಿದ್ದರೂ ಹೋಗಲೇಬೇಕು.

ಅಂತಿಮ ಸೆಮಿಸ್ಟರಿನವರು ಹೊರಡುವಾಗ ಇನ್ನೊಂದು ಪೆಟ್ಟು. ಪರೀಕ್ಷೆಗೆ ಒಂದು ತಿಂಗಳು ಮುಂಚೆ ಹಳೆಯ ಜೋಡಿಯಲ್ಲಿ ಒಬ್ಬರು, ಹೊಸಬರು ಒಬ್ಬರು ಸೇರಿ ಪ್ರತಿ ಮನೆಗೂ ಒಮ್ಮೆ ಹೋಗಿ ‘ಇನ್ಮೇಲೆ ಇವ್ನು ಬರ್ತಾನೆ’ ಎಂದು ಪರಿಚಯ ಮಾಡಿಸುತ್ತಾರೆ. ಡೈರಿ ಅಲ್ಲೇ, ಆ ಮನೆಯವರೆದುರೇ ಕೈ ಬದಲಾಗುತ್ತದೆ. ಡೈರಿಯಲ್ಲಿ ಇರುವುದು ತಾರೀಖು, ಕೇಳಿದ ಕೆಲಸ, ಮಾಡಿದ್ದು, ಮುಂದೆ ಬರುವ ದಿನ. ಆಧಾರ್, ಪಿಪಿಒ, ಬ್ಯಾಂಕ್ ಖಾತೆಯ ಯಾವ ಸಂಖ್ಯೆಯೂ ಅದರಲ್ಲಿ ಇರುವುದಿಲ್ಲ.

ನವೆಂಬರಿನಲ್ಲಿ ಜೋಳದ ಕೊಯ್ಲು, ಅಡಿಕೆ ಸುಗ್ಗಿ ಎರಡೂ ಒಟ್ಟಿಗೆ ಬಂದು ಹುಡುಗರೂ ಸಿಗುವುದಿಲ್ಲ, ಮನೆಯವರೂ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಜೀವನ ಪ್ರಮಾಣಕ್ಕೆ ಅವಕಾಶವಿದೆ. ಹಾಗಾಗಿ ಸೆಪ್ಟೆಂಬರಿನ ಕೊನೆಯ ಶನಿವಾರ ಎಲ್ಲ ಡೈರಿಗಳನ್ನು ತರಿಸಿ 80 ದಾಟಿದವರ ಮನೆಗಳಿಗೆ ಕೆಂಪು ಗುರುತು ಹಾಕುತ್ತೇವೆ. ಹಾಸಿಗೆ ಹಿಡಿದವರ ಮನೆ ಮೊದಲು. ಅಲ್ಲಿಗೆ ಪವರ್ ಬ್ಯಾಂಕ್, ಎರಡು ಕಂಪನಿಯ ಸಿಮ್ ಇರುವ ಫೋನು, ಗೋಡೆಗೆ ಕಟ್ಟಲು ಒಂದು ಬಿಳಿ ಪಂಚೆ, ಎರಡೂವರೆ ಪವರಿನ ಒಂದು ಓದುವ ಕನ್ನಡಕ ಹೋಗುತ್ತದೆ.