₹61,000ದ ಡೆಸ್ಕ್‌ಟಾಪ್‌ನಲ್ಲಿ 4ಕೆ ಮದುವೆ ವಿಡಿಯೊ: ನನ್ನ ಅನುಭವ

ಕ್ಯಾಮೆರಾದಿಂದ ಬಂದ 10-ಬಿಟ್ 4:2:2 ಎಚ್‌ಇವಿಸಿ (ಎಚ್.265) ಫೈಲುಗಳನ್ನು, ಅಂದರೆ ಹೆಚ್ಚು ಬಣ್ಣದ ವಿವರವನ್ನು ಬಿಗಿಯಾಗಿ ಕುಗ್ಗಿಸಿಟ್ಟ ವಿಡಿಯೊಗಳನ್ನು, ಪ್ರಾಕ್ಸಿ (ಹಗುರವಾದ ನಕಲು) ಮಾಡಿಕೊಳ್ಳದೆ ನೇರವಾಗಿ ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ ಕತ್ತರಿಸಬೇಕಾದರೆ ಲಕ್ಷಕ್ಕೆ ಕಡಿಮೆಯಿಲ್ಲದ ಯಂತ್ರ ಬೇಕೆಂದು ಊರಿನ ಎಡಿಟರ್‌ಗಳೂ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ವ್ಯಾಪಾರಿಗಳೂ ಒಂದೇ ಸಮನೆ ಹೇಳುತ್ತಿದ್ದರು. ಆ ಕೆಲಸವನ್ನೇ ನಾನು 2023ರಲ್ಲಿ ಹೆಚ್ಚುಕಡಿಮೆ ₹61,000ಕ್ಕೆ ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ ಮಾಡುತ್ತಿದ್ದೇನೆ. ಅಂದು ನಕ್ಕವರಲ್ಲಿ ಕೆಲವರು ಬಿಡಿಭಾಗಗಳ ಪಟ್ಟಿಯನ್ನು ಕೇಳಿ ಬರೆದುಕೊಂಡು ಹೋಗಿದ್ದಾರೆ.

ಇದಕ್ಕೂ ಮೊದಲು, ಕಂಪನಿಗಳು ಹಳತೆಂದು ಮಾರಿದ ಜಿಯಾನ್ (ಇಂಟೆಲ್‌ನ ಸರ್ವರ್ ದರ್ಜೆಯ ಪ್ರೊಸೆಸರ್) ವರ್ಕ್‌ಸ್ಟೇಷನ್ ಒಂದನ್ನು ಸುಮಾರು ₹28,000ಕ್ಕೆ ತಂದಿದ್ದೆ. 14 ಕೋರ್, 64 ಜಿಬಿ ರ‍್ಯಾಮ್. ಕಾಗದದ ಮೇಲೆ ಅದು ರಾಜಯೋಗ್ಯ ಯಂತ್ರ. ಆದರೆ ಧಾರೆಯ ದೃಶ್ಯವನ್ನು ಮೂರು ಕ್ಯಾಮೆರಾಗಳ ಮಲ್ಟಿಕ್ಯಾಮ್‌ಗೆ ಹಾಕಿದೊಡನೆ ಪ್ಲೇಹೆಡ್ (ಟೈಮ್‌ಲೈನ್‌ನಲ್ಲಿ ಓಡುವ ಗೆರೆ) ಮುಂದೆ ಹೋಗುತ್ತಿತ್ತು, ಚಿತ್ರ ಮಾತ್ರ ಅಕ್ಷತೆ ಎತ್ತಿದ ಕೈಯಲ್ಲೇ ನಿಂತಿರುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲ್ಲ ಕೋರ್‌ಗಳೂ ದುಡಿಯುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ವಿಡಿಯೊ ಡಿಕೋಡ್ (ಕುಗ್ಗಿಸಿದ ಫೈಲನ್ನು ಬಿಡಿಸುವ ಕೆಲಸದ) ಗೆರೆ ಶೂನ್ಯದಲ್ಲಿತ್ತು. ಬೇಕಾದ ಸುಳಿವು ಸಿಕ್ಕಿದ್ದು ಅಲ್ಲಿಯೇ: ಬೇಕಿರುವುದು ಹೆಚ್ಚು ಕೋರ್ ಅಲ್ಲ, ಈ ಫೈಲುಗಳನ್ನು ಬಿಡಿಸುವ ಹಾರ್ಡ್‌ವೇರ್. ಯಂತ್ರವನ್ನು ಏಳೆಂಟು ಸಾವಿರ ನಷ್ಟಕ್ಕೆ ಮಾರಿದೆ.

ಅಂಗಡಿಯವರು ಕೊಟ್ಟ ಕೊಟೇಷನ್ನಿನಲ್ಲಿ ರೈಜನ್ 7 5800ಎಕ್ಸ್ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ಇದ್ದವು. ಮೊತ್ತ ₹1,20,000ದ ಆಸುಪಾಸು. ಆ ಪ್ರೊಸೆಸರ್‌ನಲ್ಲಿ ಒಳಗ್ರಾಫಿಕ್ಸ್ (ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸ್) ಇಲ್ಲ, ಆ ಕಾರ್ಡು 4:2:2 ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 11ನೇ ತಲೆಮಾರಿನಿಂದ ಈಚೆಗೆ ಬಂದ ಒಳಗ್ರಾಫಿಕ್ಸ್‌ನ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗ ಆ ಕೆಲಸವನ್ನು ನಿರಾಯಾಸವಾಗಿ ಮಾಡುತ್ತದೆ. ಹೀಗಾಗಿ ಇಂಟೆಲ್‌ನ 12ನೇ ತಲೆಮಾರಿನ ಐ5-12400 ಆರಿಸಿದೆ. ಒಂದೆರಡು ಸಾವಿರ ಉಳಿಯುತ್ತದೆಂದು 12400ಎಫ್ ಕೊಡಲು ವ್ಯಾಪಾರಿ ಬಹಳ ಒತ್ತಾಯಿಸಿದರು. ಆ ‘ಎಫ್’ ಇದ್ದರೆ ಒಳಗ್ರಾಫಿಕ್ಸೇ ಇರುವುದಿಲ್ಲವಾದ್ದರಿಂದ ನಾನು ಜಗ್ಗಲಿಲ್ಲ. ಬೇರೆ ಕಾರ್ಡು ಹಾಕಿದಾಗ ಕೆಲವು ಮದರ್‌ಬೋರ್ಡುಗಳು ಒಳಗ್ರಾಫಿಕ್ಸ್ ಅನ್ನು ತಾವಾಗಿಯೇ ನಿಷ್ಕ್ರಿಯಗೊಳಿಸಿಬಿಡುತ್ತವೆ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಅದನ್ನು ಮತ್ತೆ ಚಾಲೂ ಮಾಡಬೇಕು.

ನೆನಪಿನಿಂದ ಹೇಳುವುದಾದರೆ ಪ್ರೊಸೆಸರ್‌ಗೆ ಹದಿನೈದೂವರೆ ಸಾವಿರ, ಬಿ660 ಡಿಡಿಆರ್4 ಮದರ್‌ಬೋರ್ಡಿಗೆ ಹತ್ತು, 16 ಜಿಬಿಯ ಎರಡು ರ‍್ಯಾಮ್‌ಗಳಿಗೆ ಆರೂವರೆ, 1 ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕಿಗೆ ಐದು, 4 ಟಿಬಿ ಹಾರ್ಡ್‌ಡಿಸ್ಕಿಗೆ ಎಂಟು, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಮತ್ತು ಕ್ಯಾಬಿನೆಟ್ ಸೇರಿ ಏಳು ಸಾವಿರ ಬಿದ್ದಿತು. ಮಾನಿಟರ್ ಹಳೆಯದೇ. ಉಳಿದ ಒಂಬತ್ತು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡು ಬಂತು. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಎಥೀರಿಯಂ (ಕ್ರಿಪ್ಟೊ ನಾಣ್ಯ) ಮೈನಿಂಗ್ ನಿಂತ ಮೇಲೆ ಇಂತಹ ಕಾರ್ಡುಗಳು ಅಗ್ಗವಾಗಿದ್ದವು. ಮೊದಲು ಕೊಟ್ಟ ಕಾರ್ಡು ಅರ್ಧ ಗಂಟೆಯ ರೆಂಡರ್‌ನಲ್ಲೇ ಪರದೆ ಕಪ್ಪಾಗಿಸಿತು; ಜಗಳವಾಡಿ ಬದಲಾಯಿಸಿಕೊಂಡು, ಎರಡನೆಯದಕ್ಕೆ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ, ಫ್ಯಾನ್ ತೊಳೆದು ಕೂರಿಸಿದೆ.

ಈ ನಡುವೆ ಸೋನಿ ಕ್ಯಾಮೆರಾ ಬಳಸುವ ಛಾಯಾಗ್ರಾಹಕರೊಂದಿಗೆ ಒಂದು ಪ್ರಯೋಗ ಮಾಡಿದೆ. ಸೋನಿಯ ರೆಕಾರ್ಡಿಂಗ್ ವಿಧಾನಗಳಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ (ಎಚ್.265) ಎಡಿಟಿಂಗ್‌ಗೆ ಭಾರ, ಎಕ್ಸ್‌ಎವಿಸಿ ಎಸ್ (ಎಚ್.264) ಹಗುರ ಎಂಬ ಮಾತಿದೆ. ನನ್ನ ಯಂತ್ರದಲ್ಲಿ ಅದು ತಿರುಗುಮುರುಗಾಯಿತು: 10-ಬಿಟ್ 4:2:2 ಎಚ್.264 ಅನ್ನು ಕ್ವಿಕ್ ಸಿಂಕ್ ಮುಟ್ಟುವುದಿಲ್ಲವಾದ್ದರಿಂದ ‘ಹಗುರ’ದ ಫೈಲೇ ತಡವರಿಸಿತು. ಎಚ್‌ಎಸ್‌ನ 4ಕೆಯಲ್ಲಿ 25ಪಿ (ಸೆಕೆಂಡಿಗೆ 25 ಫ್ರೇಮ್) ಸಿಗದು. 50ಪಿ ಹಾಕಿಸುತ್ತೇನೆ, ಮುಹೂರ್ತದ ದೃಶ್ಯವನ್ನು ನಿಧಾನಗೊಳಿಸಲೂ ಅದು ಅನುಕೂಲ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯನ್ನೂ ಹಾಕಿ ನೋಡಿದೆ, ಅದು ಎಚ್.264, ಎಚ್.265 ಎರಡನ್ನೂ ತೆರೆಯದ ಕಾರಣ ಆ ದಾರಿ ಬಿಟ್ಟೆ.

ಈಗ ಮೂರು ಕ್ಯಾಮೆರಾ, ಒಂದು ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲು) ಇದ್ದರೂ ಅರ್ಧ ರೆಸಲ್ಯೂಷನ್‌ನಲ್ಲಿ ಓಟ ತಪ್ಪುವುದಿಲ್ಲ. ಒಂದು ಗಂಟೆಯ 4ಕೆ ಫಿಲ್ಮ್ ಸುಮಾರು ಐವತ್ತು ನಿಮಿಷದಲ್ಲಿ ಹೊರಬರುತ್ತದೆ. ಕ್ಯಾಶ್ (ಸಾಫ್ಟ್‌ವೇರ್‌ನ ತಾತ್ಕಾಲಿಕ ಫೈಲುಗಳು) ಅನ್ನು ಯಾವ ಡಿಸ್ಕಿನಲ್ಲಿ ಹೇಗೆ ವಿಂಗಡಿಸಿದ್ದೇನೆಂಬುದನ್ನೂ ರೆಂಡರ್ ಪ್ರಿಸೆಟ್ಟನ್ನೂ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಅದು ಹೊಟ್ಟೆಪಾಡು. ಮುಂದಿನ ಖರ್ಚು ಯುಪಿಎಸ್‌ಗೆ: ಈಗಿರುವ 600 ವಿಎ ರೆಂಡರ್ ನಡುವೆ ಕರೆಂಟ್ ಹೋದರೆ ಕೀಂ ಎಂದು ಕೂಗಿ ಮಲಗಿಬಿಡುತ್ತದೆ.